ದಕ್ಷಿಣ ಮೇಲಿದ್ದ ನಕ್ಷೆ

ನಾನು ಹೊಡೆಯುವ ಟೀಚರ್ ಆಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ನನ್ನನ್ನು ಒಳ್ಳೆಯವಳೆಂದುಕೊಂಡು ಮೋಸ ಹೋಗಬಾರದು. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದೆ. ಗೋಡೆಯ ನಕ್ಷೆ ತೋರಿಸಲಿಕ್ಕೆ ತೇಗದ ಕೋಲೊಂದಿತ್ತು. ಅದು ನಕ್ಷೆಯ ಮೇಲೆ ಆಡಿದ್ದಕ್ಕಿಂತ ಮಕ್ಕಳ ಬೆರಳ ಗಂಟುಗಳ ಮೇಲೆ ಆಡಿದ್ದೇ ಹೆಚ್ಚು. ಕೋಲು ಸಿಗದಿದ್ದರೆ ಡಸ್ಟರ್, ಡಸ್ಟರ್ ಸಿಗದಿದ್ದರೆ ಅಂಗೈ. ನನ್ನ ಅಂಗೈ ಅಗಲವಾದದ್ದು, ನಮ್ಮೂರು ಬೀಡಿಯ ಹೊಲದಲ್ಲಿ ಕಳೆ ಕಿತ್ತು ಗಟ್ಟಿಯಾದದ್ದು.

ಹೊಡೆತ ನಮ್ಮ ಮನೆಯಲ್ಲಿ ಊಟದಷ್ಟೇ ಸಾಮಾನ್ಯವಾಗಿತ್ತು. ಅಪ್ಪ ಬೆಳಿಗ್ಗೆ ಕೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದ, ಎದ್ದ ಮೇಲೆ ಅದೇ ಕೈಯಲ್ಲಿ ಬಾರುಕೋಲು ಹಿಡಿಯುತ್ತಿದ್ದ. ಎತ್ತಿಗೂ ಅದೇ ಕೋಲು, ನಮಗೂ ಅದೇ ಕೋಲು. ಒಮ್ಮೆ ನನ್ನ ಪಾಟಿಯನ್ನು ನನ್ನ ತಲೆಯ ಮೇಲೆಯೇ ಒಡೆದ. ಪಾಟಿ ಚೂರಾದದ್ದಕ್ಕೆ ಅವ್ವ ಅತ್ತಳು, ನನ್ನ ತಲೆ ಚೂರಾಗಲಿಲ್ಲವಲ್ಲ ಎಂದು ಸಮಾಧಾನಪಟ್ಟಳು. ದಂಡಂ ದಶಗುಣಂ ಎನ್ನುವುದನ್ನು ನಾನು ಕಲಿತದ್ದು ಸಂಸ್ಕೃತದ ಪಾಠದಲ್ಲಲ್ಲ.

ಆ ಹುಡುಗಿ ಎಂಟನೆಯ ಇಯತ್ತೆಗೆ ಬಂದವಳು. ಕಣಕುಂಬಿಯ ಕಾಡಿನೊಳಗಿನ ಒಂದು ಗೌಳಿವಾಡೆಯವಳು. ಎಮ್ಮೆ ಸಾಕುವ ನಾಲ್ಕಾರು ಗುಡಿಸಲುಗಳ ವಾಡೆ ಅದು. ಅಲ್ಲಿಂದ ದಿನಾ ಬಂದು ಹೋಗುವುದು ಆಗದ ಮಾತು, ಹೀಗಾಗಿ ಖಾನಾಪುರದ ಹಾಸ್ಟೆಲಿನಲ್ಲಿದ್ದಳು. ಮನೆಯ ಮಾತು ಮರಾಠಿಯ ಒಂದು ಬಗೆ, ಶಾಲೆಯಲ್ಲಿ ಕನ್ನಡ. ಸೇರಿಸಲು ಬಂದ ದಿನ ಅವಳಪ್ಪ ಕಂಬಳಿ ಹೊದ್ದುಕೊಂಡೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಕೈಯಲ್ಲಿ ಒಂದು ತಂಬಿಗೆ ಎಮ್ಮೆ ತುಪ್ಪ. ನಮ್ಮ ಕಡೆ ಮಕ್ಕಳನ್ನು ಶಾಲೆಗೆ ಒಪ್ಪಿಸುವಾಗ ಹೇಳುವ ಮಾತೊಂದಿದೆ, ಅದನ್ನೇ ಹೇಳಿದ.

"ತೊಗಲು ನಿಮ್ದು, ಎಲುಬು ನಮ್ದು ಅಕ್ಕಾರ. ಹೊಡೀರಿ, ಬಡೀರಿ, ಶಾಣ್ಯಾ ಮಾಡ್ರಿ."

ಮಗುವಿನ ಚರ್ಮ ಹೋದರೂ ಪರವಾಗಿಲ್ಲ, ಎಲುಬು ಉಳಿಸಿಕೊಡಿ ಎಂದರ್ಥ. ಎಷ್ಟೋ ತಂದೆಯರು ನನಗೆ ಹೀಗೆ ಹೇಳಿದ್ದಾರೆ. ನಾನು ನಗುತ್ತ ತಂಬಿಗೆ ತೆಗೆದುಕೊಂಡೆ. ಕಿವಿ ತೊಗಲೋ ಎಲುಬೋ ಎಂದು ಆಗ ಯಾರೂ ಕೇಳಲಿಲ್ಲ.

ನಾನು ಬೆಳಗಾವಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆ ಮಳೆಗಾಲದಲ್ಲೊಂದು ದಿನ ಗಡಿಯ ಗಲಾಟೆ. ನಮ್ಮಲ್ಲಿ ಅದು ನೆಗಡಿಯ ಹಾಗೆ, ವರ್ಷಕ್ಕೊಮ್ಮೆಯಾದರೂ ಬಂದೇ ಬರುತ್ತದೆ. ಅಂಗಡಿಯ ಬೋರ್ಡುಗಳಿಗೆ ಡಾಂಬರು ಬಳಿಯುತ್ತಾರೆ, ಬಸ್ಸಿಗೆ ಕಲ್ಲು ಹೊಡೆಯುತ್ತಾರೆ. ಊರು ದಾಟುವಷ್ಟರಲ್ಲಿ ನಮ್ಮ ಬಸ್ಸಿನ ಮೇಲೆ ಕಲ್ಲು ಬಿತ್ತು. ನನ್ನ ಮುಂದಿನ ಸೀಟಿನ ಮುದುಕನ ಹುಬ್ಬು ಸೀಳಿ ರಕ್ತ ಅವನ ಧೋತರದ ಮೇಲೆ ಸುರಿಯಿತು. ಡ್ರೈವರ್ ಬಸ್ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಸುಟ್ಟುಬಿಡುತ್ತಿದ್ದರು. ನಾನು ಕೂದಲಿನಲ್ಲಿ ಗಾಜಿನ ಚೂರು ಇಟ್ಟುಕೊಂಡೇ ಶಾಲೆಗೆ ಹೋದೆ. ಮೊದಲನೆಯ ಪಿರಿಯಡ್ಡಿನಲ್ಲೇ ಮೂವರಿಗೆ ಬಾರಿಸಿದೆ. ಕಲ್ಲು ಹೊಡೆದವನು ಸಿಗಲಿಲ್ಲವಲ್ಲ, ಸಿಕ್ಕವರಿಗೆ ಕೊಟ್ಟೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಕಲ್ಲು ಬೀಳದ ದಿನಗಳಲ್ಲೂ ಹೊಡೆಯುತ್ತಿದ್ದೆ.

ಮಧ್ಯಾಹ್ನ ನಕ್ಷೆಯ ಪರೀಕ್ಷೆ. ಬೆಳಗಾವಿ ಜಿಲ್ಲೆಯ ನಕ್ಷೆ ಬರೆದು ನದಿಗಳನ್ನು ಗುರುತಿಸಬೇಕು. ಆ ಹುಡುಗಿಯ ಹಾಳೆ ನೋಡಿದೆ. ಖಾನಾಪುರ ಹಾಳೆಯ ನೆತ್ತಿಯಲ್ಲಿತ್ತು, ಅಥಣಿ ಬುಡದಲ್ಲಿ. ಜಿಲ್ಲೆಯ ದಕ್ಷಿಣ ತುದಿಯನ್ನು ಮೇಲಿಟ್ಟು, ಉತ್ತರವನ್ನು ಕೆಳಗಿಟ್ಟಿದ್ದಳು. ಮಲಪ್ರಭೆ ಮೇಲಿನಿಂದ ಇಳಿಯುತ್ತಿದ್ದಳು. ಗೆರೆಗಳು ಮಾತ್ರ ಸುಂದರವಾಗಿದ್ದವು, ಇಡೀ ವರ್ಗದಲ್ಲಿ ಅಷ್ಟು ಸರಿಯಾಗಿ ನದಿಯ ತಿರುವುಗಳನ್ನು ಬರೆದವರು ಬೇರೆ ಯಾರೂ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದೂ ಕೂಗಿದೆ.

"ಇದೇನ ಇದು? ಉಲ್ಟಾ ಯಾಕ ತಗದಿ?"

ಅವಳು ಎದ್ದು ನಿಂತಳು. "ನೀರು ಮ್ಯಾಲಿಂದ ತೆಳಗ ಬರತೈತಲ್ರೀ ಅಕ್ಕಾರ. ಹೊಳಿ ನಮ್ಮ ಕಣಕುಂಬ್ಯಾಗ ಹುಟ್ಟತೈತಿ. ಘಟ್ಟ ನಮ್ಮ ಕಡಿ ಐತಿ. ಅದಕ್ಕ ನಮ್ಮೂರು ಮ್ಯಾಲ."

ಹುಡುಗರು ನಕ್ಕರು. ಯಾರನ್ನು ನೋಡಿ ನಕ್ಕರೋ, ನನ್ನನ್ನೇ ನೋಡಿ ನಕ್ಕರು ಎಂದು ನನಗನಿಸಿತು. ಒಂದು ಕೊಟ್ಟೆ. "ಉತ್ತರ ಮ್ಯಾಲ! ಜಗತ್ತಿನಾಗ ಎಲ್ಲಾ ನಕ್ಷಾದಾಗೂ ಉತ್ತರ ಮ್ಯಾಲ!"

ಅವಳು ಅಳಲಿಲ್ಲ. ಹಾಳೆಯನ್ನು ಎತ್ತಿಕೊಂಡು ಎರಡೂ ಕೈಯಲ್ಲಿ ತಿರುಗಿಸಿ ನನ್ನೆದುರು ಹಿಡಿದಳು.

"ಹಿಂಗ ಹಿಡದ್ರ ನಿಮ್ಮ ನಕ್ಷಾ ಆತಲ್ರೀ?"

ಉತ್ತರವಿಲ್ಲದಾಗ ಕೈ ಮುಂದಾಗುತ್ತದೆ. ಎರಡನೆಯದನ್ನು ಭುಜದಿಂದ ಎಳೆದು ಹೊಡೆದೆ. ಅವಳ ಎಡಗೆನ್ನೆ, ಎಡಗಿವಿ ಸೇರಿಸಿ ಬಿತ್ತು. ಪಟಾಕಿಯಂಥ ಸದ್ದು. ಅವಳು ಬೆಂಚಿನ ಅಂಚಿಗೆ ಬಡಿದು ಕೆಳಗೆ ಕುಸಿದಳು. ಕಿವಿಯಿಂದ ಸಣ್ಣಗೆ ರಕ್ತ ಇಳಿದು ಕತ್ತಿನ ಮಣಿಸರದವರೆಗೆ ಬಂತು. ನಾನು ಆಗಲೂ "ಏಳ, ನಾಟಕ ಮಾಡಬ್ಯಾಡ" ಎಂದೆ. ಬರೆಯುತ್ತಿರುವ ಈ ಹೊತ್ತಿಗೂ ಆ ಒಂದು ಮಾತಿಗಾಗಿ ನನ್ನ ನಾಲಿಗೆಯನ್ನು ಕಿತ್ತು ಎಸೆಯಬೇಕು ಅನಿಸುತ್ತದೆ.

ಹೆಡ್‌ಮಾಸ್ತರರು ಕೋಣೆಗೆ ಕರೆದು, "ಮಳಿಗಾಲದಾಗ ಹುಡುಗರ ಕಿವಿ ಸೋರೂದು ಇದ್ದದ್ದ, ಬಿಡ್ರಿ" ಎಂದರು. ಹಾಸ್ಟೆಲಿನ ಅಡುಗೆಯಾಕೆ ಬಿಸಿ ಎಣ್ಣೆ ಹಾಕಿದಳಂತೆ. ಹರಿದ ಕಿವಿತಮಟೆಗೆ ಎಣ್ಣೆ! ಮೂರು ದಿನ ಕೀವು ಸೋರಿ ಜ್ವರ ಬಂತು. ಅವಳಪ್ಪ ಬಂದ. ನನ್ನನ್ನು ಬಡಿದೇ ಬಿಡುತ್ತಾನೆ ಎಂದುಕೊಂಡಿದ್ದೆ. ಅವನು ಕೈಮುಗಿದು, "ಹುಡುಗಿ ಏನು ತಪ್ಪು ಮಾಡಿತ್ರೀ?" ಎಂದು ಕೇಳಿದ. "ಎದುರುತ್ತರ ಕೊಟ್ಟಳು" ಎಂದೆ. ಅವನು ಮಗಳ ಕಡೆ ತಿರುಗಿ, ಜ್ವರದಲ್ಲಿದ್ದ ಮಗುವಿಗೆ ನನ್ನೆದುರೇ ಇನ್ನೊಂದು ಕೊಟ್ಟ. ಆಮೇಲೆ ಮನೆಗೆ ಕರೆದುಕೊಂಡು ಹೋದ, ಅವಳು ಮತ್ತೆ ಶಾಲೆಗೆ ಬರಲಿಲ್ಲ. ಅವನು ತಂದಿದ್ದ ತುಪ್ಪವನ್ನು ನಾನು ದೀಪಾವಳಿಯವರೆಗೆ ಉಂಡೆ.

ಇಷ್ಟನ್ನು ನಾನು ಮರೆತಿದ್ದೆ. ನಿಜವಾಗಿಯೂ ಮರೆತಿದ್ದೆ, ಇಪ್ಪತ್ತೈದು ವರ್ಷಕ್ಕೂ ಮೇಲೆ. ನಿವೃತ್ತಿಯಾಯಿತು, ಶಾಲು ಹೊದಿಸಿದರು, ಶಿಸ್ತಿನ ಶಿಕ್ಷಕಿ ಎಂದು ಭಾಷಣ ಮಾಡಿದರು. ಶಿಸ್ತು ಅಂದರೆ ಏನೆಂದು ಸಭೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು, ನಕ್ಕು ಚಪ್ಪಾಳೆ ತಟ್ಟಿದರು.

ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡರು. ಅವರ ಫೋಟೋಕ್ಕೆ ಕಟ್ಟು ಹಾಕಿಸಲು ಬೆಳಗಾವಿಯ ಮಿಲಿಟರಿ ಕ್ಯಾಂಪಿನ ಪೇಟೆಗೆ ಹೋದೆ. ಅಲ್ಲಿ ಕಟ್ಟು ಹಾಕುವ ಅಂಗಡಿಯ ವಯಸ್ಸಾದ ಮುಸಲ್ಮಾನರೊಬ್ಬರು ಇದ್ದಾರೆ. ಮಿಲಿಟರಿಯವರ ಪದಕ, ಇಗರ್ಜಿಯ ಚಿತ್ರ, ನಮ್ಮ ಬಸವಣ್ಣ, ಎಲ್ಲಕ್ಕೂ ಅವರದೇ ಕಟ್ಟು. ಅಂಗಡಿಯ ಗೋಡೆಯ ಮೇಲೆ ದೊಡ್ಡದೊಂದು ನಕ್ಷೆ ತೂಗುತ್ತಿತ್ತು. ನೀಲಿ ಸಮುದ್ರ, ಕಂದು ಗುಡ್ಡಗಳು, ಸುತ್ತ ಬಂಗಾರದ ಬಳೆಯಂಥ ಅಂಚು, ತುಂಬ ಅರಬ್ಬಿ ಅಕ್ಷರ. ಸ್ವಲ್ಪ ಹೊತ್ತು ನೋಡಿದ ಮೇಲೆ ಅದು ತಲೆಕೆಳಗಾಗಿದೆ ಎಂದು ನನಗೆ ಹೊಳೆಯಿತು. ಆಫ್ರಿಕ ಮೇಲೆ ಕೂತಿದೆ, ಯುರೋಪ್ ಕೆಳಗೆ ಜೋತಾಡುತ್ತಿದೆ, ನಮ್ಮ ದೇಶ ಎಡಗಡೆ ಮುದ್ದೆಯಾಗಿ ಬಿದ್ದಿದೆ.

"ಇದನ್ನ ಉಲ್ಟಾ ಹಾಕೀರಿ" ಎಂದೆ. ಅವರು ಕಟ್ಟಿಗೆ ಕೊಯ್ಯುತ್ತಿದ್ದರು, ಕೇಳಿಸಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಸ್ಟೂಲಿನ ಮೇಲೆ ಹತ್ತಿ ನಾನೇ ಇಳಿಸಿ ತಿರುಗಿಸಲು ಹೋದೆ. ತಂತಿ ಮೊಳೆಗೆ ಸಿಕ್ಕಿಕೊಂಡಿತ್ತು, ಎಳೆದೆ. ಕಟ್ಟು ಕೈತಪ್ಪಿ ಸ್ಟೂಲಿನ ಅಂಚಿಗೆ ಬಡಿದು ಗಾಜು ಸಿಡಿಯಿತು. ಒಂದು ಚೂರು ನನ್ನ ಅಂಗೈಯಲ್ಲಿ ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಗೀರಿತು. ರಕ್ತ ನೆಲಕ್ಕೆ, ನಕ್ಷೆಯ ಸಮುದ್ರಕ್ಕೆ.

ಅವರು ಬೈಯಲಿಲ್ಲ. ಬಟ್ಟೆ ಹರಿದು ಕೈಗೆ ಬಿಗಿದು ಕಟ್ಟಿದರು. ಆಮೇಲೆ ಹೇಳಿದರು.

"ಉಲ್ಟಾ ಅಲ್ಲ ಬಾಯಾರ, ಅದು ಇರೂದ ಹಂಗ. ಅಕ್ಷರ ನೋಡ್ರಿ, ಸೀದಾ ಅದಾವ. ಬರದಾವ ನಮ್ಮವನ, ಒಂಬೈನೂರು ವರ್ಷದ ಹಿಂದಿನ ಮನಶ್ಯಾ. ದಕ್ಷಿಣ ಮ್ಯಾಲ ಇಟ್ಟಾನ. ಆಗ ಅವರ ಕಡಿ ಹಂಗ ಬರೀತಿದ್ರಂತ. ಕಾಲೇಜಿನ ಸರ್ ಒಬ್ರು ಕೊಟ್ಟು ಹೋಗ್ಯಾರ, ಇಡೀ ದುನಿಯಾದಾಗ ಮಶಹೂರ ಅದ ಅಂತ ಹೇಳಿದ್ರು."

ನಾನು ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ಮೂವತ್ತೊಂದು ವರ್ಷ ಭೂಗೋಳ ಕಲಿಸಿದ ನನಗೆ ಇದು ಗೊತ್ತಿರಲಿಲ್ಲ. ಕೈ ಉರಿಯುತ್ತಿತ್ತು, ಮೊದಲು ನೆನಪಾದದ್ದು ಆ ಸದ್ದು. ಪಟಾಕಿಯ ಸದ್ದು. ಅದರ ಹಿಂದೆಯೇ ಹಾಳೆ ತಿರುಗಿಸಿದ ಎರಡು ಸಣ್ಣ ಕೈಗಳು.

ಮನೆಗೆ ಬಂದು ಆ ನಕ್ಷೆ ಬರೆದವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಫೋನಿನಲ್ಲಿ, ಲೈಬ್ರರಿಯಲ್ಲಿ, ಹಾಳೆಗಟ್ಟಲೆ ಬರೆದುಕೊಂಡೆ. ಯುರೋಪಿನ ದಕ್ಷಿಣದ ಒಂದು ದ್ವೀಪದಲ್ಲಿ ಕ್ರೈಸ್ತ ರಾಜ ಇವನನ್ನು ಕರೆಸಿಕೊಂಡನಂತೆ. ಇಬ್ಬರೂ ಸೇರಿ ವರ್ಷಾನುಗಟ್ಟಲೆ ದಾರಿಹೋಕರನ್ನು, ಹಡಗಿನವರನ್ನು ಕೂರಿಸಿಕೊಂಡು ಅವರವರ ಊರು, ಹೊಳೆ, ಗುಡ್ಡ ಕೇಳಿದರಂತೆ. ಒಬ್ಬೊಬ್ಬರನ್ನೇ ಕೇಳಿ, ಹೇಳಿದ್ದು ಹೊಂದಿಕೆಯಾದರೆ ಬರೆದುಕೊಳ್ಳುವುದು. ಓದುತ್ತ ಓದುತ್ತ ನಾನು ಹಲ್ಲು ಕಡಿಯುತ್ತಿದ್ದೆ. ಕಣಕುಂಬಿಯಿಂದ ಬಂದ ದಾರಿಹೋಕಳೊಬ್ಬಳು ಕರೆಯದೆಯೇ ನನ್ನೆದುರು ಬಂದು ತನ್ನೂರಿನ ಹೊಳೆ ಹೇಗೆ ಇಳಿಯುತ್ತದೆ ಎಂದು ಹೇಳಿದ್ದಳಲ್ಲ.

ಅವನು ಜಗತ್ತನ್ನು ಬೆಳ್ಳಿಯ ದೊಡ್ಡ ತಟ್ಟೆಯ ಮೇಲೆ ಕೊರೆಸಿದ್ದನಂತೆ. ರಾಜ ಸತ್ತ ಮೇಲೆ ದಂಗೆಯೆದ್ದು ಜನ ಅರಮನೆಗೆ ನುಗ್ಗಿದರು. ಸಿಕ್ಕವರನ್ನು ಕೊಂದರು, ಆ ಬೆಳ್ಳಿಯೂ ಅದೇ ಗಲಾಟೆಯಲ್ಲಿ ಹೋಯಿತು, ಒಡೆದು ಕರಗಿಸಿದರು ಎನ್ನುತ್ತಾರೆ. ಅವನ ಪುಸ್ತಕದ ಪ್ರತಿಗಳು ಮಾತ್ರ ಉಳಿದವು. ಇವತ್ತು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಒಂದು ಪ್ರೋಗ್ರಾಮಿಗೇ ಅವನ ಹೆಸರಿಟ್ಟಿದ್ದಾರೆ. ದಕ್ಷಿಣ ಮೇಲಿಟ್ಟದ್ದಕ್ಕೆ ಅವನ ಕಪಾಳಕ್ಕೆ ಯಾರೂ ಹೊಡೆಯಲಿಲ್ಲ. ಪಂಡಿತರು ಅವನ ನಕ್ಷೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ.

ಅಟ್ಟದ ಮೇಲಿದ್ದ ಆ ತೇಗದ ಕೋಲನ್ನು ಹುಡುಕಿ ತೆಗೆದೆ. ಮೊಣಕಾಲಿಗೆ ಕೊಟ್ಟು ಮುರಿಯಲು ನೋಡಿದೆ. ಮುರಿಯಲಿಲ್ಲ. ಸಿಟ್ಟಿಗೆದ್ದು ಗೋಡೆಗೆ ಬಡಿದೆ, ಗಾರೆ ಉದುರಿತು, ಅಂಗೈಗೆ ದವಾಖಾನೆಯಲ್ಲಿ ಹಾಕಿದ್ದ ಹೊಲಿಗೆ ಬಿಚ್ಚಿ ಮತ್ತೆ ರಕ್ತ ಬಂತು. ಕೋಲಿಗೆ ಏನೂ ಆಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಪಕ್ಕದ ಮನೆಯವಳು ಯಾರನ್ನೋ ಆಡಿಕೊಳ್ಳುತ್ತಿದ್ದಳು, ನನಗೇ ಅಂದಂತಾಯಿತು.

ಅವಳನ್ನು ಹುಡುಕಬೇಕು, ನೀನು ಬರೆದದ್ದು ತಪ್ಪಾಗಿರಲಿಲ್ಲ ಎಂದು ಹೇಳಬೇಕು, ಕ್ಷಮೆ ಕೇಳಬೇಕು. ಅದಾಗದೆ ಸತ್ತರೆ ನನಗೆ ಸದ್ಗತಿಯಿಲ್ಲ ಎನ್ನುವಷ್ಟು ಅದು ನನ್ನನ್ನು ಹಿಡಿದುಕೊಂಡಿತು. ಕಟ್ಟು ಹಾಕುವವರಿಂದ ನಕ್ಷೆಯ ಇನ್ನೊಂದು ಪ್ರತಿ ಮಾಡಿಸಿಕೊಂಡು, ಸುರುಳಿ ಸುತ್ತಿ, ಖಾನಾಪುರಕ್ಕೆ ಹೋದೆ. ಹಾಸ್ಟೆಲಿನ ಹಳೆಯ ಅಡುಗೆಯಾಕೆ ಈಗ ಮುದುಕಿ. "ಕಿವಿಗೆ ಪೆಟ್ಟಾಗಿತ್ತಲ್ಲ, ಗೌಳಿ ಹುಡುಗಿ" ಎಂದೆ.

"ಆಕೀನಾ? ಕಣಕುಂಬ್ಯಾಗ ರಸ್ತೆ ಬಾಜು ಚಹಾದಂಗಡಿ ಐತ್ರಿ ಆಕೀದು. ಕಿವುಡಿ ಹೋಟೆಲ್ ಎಲ್ಲೈತಿ ಅಂತ ಕೇಳ್ರಿ, ಯಾರ ಬೇಕಾದ್ರೂ ತೋರಸ್ತಾರ."

ಬಸ್ಸಿನಲ್ಲಿ ಕಂಡಕ್ಟರನಿಗೂ ಹಾಗೆಯೇ ಹೇಳಿದೆ. ಅವನು ಚೀಟಿ ಹರಿದುಕೊಡುತ್ತ, "ಕಿವುಡಿ ಹೋಟೆಲ್ ಮುಂದ ನಿಲ್ಲಸ್ತೀನಿ ತಗೋರಿ" ಎಂದ. ಗೋವಾದ ಲಾರಿಗಳು ಎದುರು ನುಗ್ಗುತ್ತಿದ್ದವು.

ತಗಡಿನ ಅಂಗಡಿ. ಬಾಣಲೆಯ ಎಣ್ಣೆಯಲ್ಲಿ ಭಜಿ ಬೇಯುತ್ತಿತ್ತು. ಅವಳು ನಲವತ್ತರ ಹತ್ತಿರದ ಹೆಂಗಸು, ಅಗಲ ಭುಜ. ನಾನು ಅವಳ ಎಡಬದಿಗೆ ನಿಂತು ಎರಡು ಸಲ ಕರೆದೆ, ತಿರುಗಲಿಲ್ಲ. ಸುತ್ತಿಕೊಂಡು ಎದುರಿಗೆ ಹೋದೆ. ಕಂಡಕೂಡಲೇ ಗುರುತು ಹಿಡಿದಳು.

"ಭೂಗೋಳದ ಅಕ್ಕಾರ. ಕುಂದರ್ರಿ."

ಚಹಾ ಕೊಟ್ಟಳು. ನಾನು ಕುಡಿಯದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಸುರುಳಿ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು, ಹೊಳೆಗಳ ಮೇಲೆ ಬೆರಳಾಡಿಸಿದಳು.

"ಇಂವಗ ಯಾರರೆ ಹೊಡದ್ರೇನ್ರೀ?"

"ಇಲ್ಲ. ರಾಜ ಸನ್ಮಾನ ಮಾಡಿದ."

ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಆಮೇಲೆ ಹೇಳತೊಡಗಿದಳು, ಬೇಸಾಯದ ಸುದ್ದಿ ಹೇಳುವಷ್ಟು ಸಹಜವಾಗಿ. ಮರುವರ್ಷ ಮದುವೆಯಾಯಿತು. ಗಂಡ ಕುಡಿದು ಬಡಿಯುತ್ತಿದ್ದ. "ಎಡಗಡೀಗೇ ಹೊಡೀತಿದ್ದ ನೋಡ್ರಿ. ಆ ಕಿವಿ ಹೆಂಗೂ ಹೋಗೈತಿ, ಕೆಡಾಕ ಏನೈತಿ ಅಂತಿದ್ದ." ಒಂದು ಸಲ ಎಮ್ಮೆ ಕಾಯುವಾಗ ಎಡಬದಿಯ ಪೊದೆಯಿಂದ ಕಾಡುಕೋಣ ಬಂತು. ಬಾಜೂದವರು ಕೂಗಿದರು, ಕೋಣ ಪೊದೆ ಮುರಿದು ಬಂದ ಸದ್ದು ಎಲ್ಲರಿಗೂ ಕೇಳಿಸಿತು, ಇವಳಿಗೆ ಮಾತ್ರ ಅದು ಯಾವ ಕಡೆಯಿಂದ ಎಂದು ತಿಳಿಯಲಿಲ್ಲ. ಸೀರೆಯನ್ನು ಸ್ವಲ್ಪ ಸರಿಸಿ ಸೊಂಟದ ಕಲೆ ತೋರಿಸಿದಳು. ನನ್ನ ಅಂಗೈಯಷ್ಟು ಅಗಲವಾಗಿ ಚರ್ಮ ಸುಕ್ಕುಗಟ್ಟಿತ್ತು.

ನನ್ನಿಂದ ತಡೆಯಲಾಗಲಿಲ್ಲ. ಅವಳ ಕೈ ಹಿಡಿದು ನನ್ನ ಕೆನ್ನೆಗೆ ತಂದುಕೊಂಡೆ. "ಹೊಡಿ ನನಗ. ಎಷ್ಟು ಬೇಕಷ್ಟು ಹೊಡಿ. ಕಿವಿ ಹೋಗುವಂಗ ಹೊಡಿ." ಭಜಿ ತಿನ್ನುತ್ತಿದ್ದ ಲಾರಿಯವರು ಎದ್ದು ನಿಂತರು.

ಅವಳು ಕೈ ಕಿತ್ತುಕೊಂಡಳು. ಆಗ ಮೊದಲ ಸಲ ಅವಳ ಕಣ್ಣಲ್ಲಿ ಬೆಂಕಿ ಕಂಡೆ. ಭಜಿ ತೆಗೆಯುವ ತೂತಿನ ಝಾರಿಯನ್ನು ಎತ್ತಿದಳು, ಕುದಿಯುವ ಎಣ್ಣೆ ಅದರಿಂದ ತೊಟ್ಟಿಕ್ಕುತ್ತಿತ್ತು. ಮೋರೆಗೆ ಬಡಿಯುತ್ತಾಳೆ ಎಂದು ಕಣ್ಣು ಮುಚ್ಚಿದೆ. ನಿಜ ಹೇಳಬೇಕೆಂದರೆ ಬಡಿಯಲಿ ಎಂದು ಬೇಡಿಕೊಂಡೆ.

"ಹೊಡದ್ರ ನಿಮಗ ಹಗುರ ಆಗತೈತ್ರಿ. ನನಗೇನು ಸಿಗತೈತಿ?" ಎಂದಳು. ಝಾರಿಯನ್ನು ಬಾಣಲೆಗೆ ಒಗೆದಳು, ಎಣ್ಣೆ ಸಿಡಿದು ನಕ್ಷೆಯ ಮೇಲೆ ಬಿತ್ತು.

ಆಮೇಲೆ ನಕ್ಷೆಯ ಕಡೆ ಕೈತೋರಿ ಕೇಳಿದಳು. "ಹೆಸರೇನ್ರೀ ಇವಂದು?"

ಹೇಳಿದೆ. ಬರಿ ಹೆಸರಲ್ಲ. ಅವನಪ್ಪನ ಹೆಸರು, ಅಜ್ಜನ ಹೆಸರು, ಮನೆತನ, ಹುಟ್ಟಿದ ಊರು ಎಲ್ಲ ಸೇರಿಸಿ, ಅರಬ್ಬಿಯಲ್ಲಿ ಅದು ಉದ್ದಕ್ಕೆ ಹೇಗಿದೆಯೋ ಹಾಗೆ, ಒಂದು ಕಡೆಯೂ ತಡವರಿಸದೆ ಹೇಳಿದೆ. ತಿಂಗಳುಗಟ್ಟಲೆ ಓದಿ ಬಾಯಿಪಾಠವಾಗಿತ್ತು. ಹೇಳುವಾಗ ನನ್ನ ದನಿಯಲ್ಲಿ ಹಳೆಯ ಟೀಚರಿನ ಹೆಮ್ಮೆ ಇಣುಕಿತು, ನನಗೇ ಕೇಳಿಸಿತು.

ಅವಳು ಪೂರ್ತಿ ಕೇಳಿಸಿಕೊಂಡಳು.

"ಒಂಬೈನೂರು ವರ್ಷದ ಹಿಂದಿನವನ ಹೆಸರು ಇಷ್ಟುದ್ದ ನೆನಪಿಟ್ಟೀರಿ. ಛಲೋ ಆತು. ಈಗ ನನ್ನ ಹೆಸರು ಹೇಳ್ರಿ ಅಕ್ಕಾರ. ಅದನ್ನೊಂದು ಹೇಳಿಬಿಡ್ರಿ ಸಾಕು, ಮಾಫ್ ಮಾಡಿದ್ಲು ಅಂತ ತಿಳಕೊಂಡು ಮನೀಗೆ ಹೋಗ್ರಿ."

ನಾನು ಬಾಯಿ ತೆರೆದೆ. ಆ ವರ್ಷ ವರ್ಗದಲ್ಲಿ ಎಂಬತ್ತು ಮಕ್ಕಳಿದ್ದರು, ಹೊತ್ತು ಉಳಿಯಲಿ ಎಂದು ಹಾಜರಿಯನ್ನು ನಂಬರಿನಿಂದ ಕರೆಯುತ್ತಿದ್ದೆ. ಅವಳು ಇಪ್ಪತ್ತಾರು. ಅದೊಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅಡುಗೆಯಾಕೆಯನ್ನು ಕೇಳಬಹುದಿತ್ತು, ಕಂಡಕ್ಟರನನ್ನು ಕೇಳಬಹುದಿತ್ತು, ಅಂಗಡಿಯಲ್ಲಿ ನಿಂತಿದ್ದವರನ್ನಾದರೂ ಕೇಳಬಹುದಿತ್ತು. ಕೇಳಬೇಕು ಎಂದು ಒಮ್ಮೆಯೂ ಅನಿಸಿರಲಿಲ್ಲ.

ಅವಳು ತಲೆ ವಾಲಿಸಿ ಬಲಗಿವಿಯನ್ನು ನನ್ನ ಕಡೆ ಮಾಡಿ ಕಾದಳು. ಒಲೆಯ ಮೇಲೆ ಭಜಿ ಕರಕಲಾಗುತ್ತಿತ್ತು, ಅದನ್ನೂ ನೋಡಲಿಲ್ಲ. ಬಹಳ ಹೊತ್ತು ಕಾದಳು.